ಗಿರಾಕಿ ಹೋಗುವ ತನಕ

ಮಗಳು ವಡೋದರಾದ ಹಾಸ್ಟೆಲಿನಲ್ಲಿದ್ದು ಡಿಸೈನ್ ಓದುತ್ತಾಳೆ. ರಜೆಗೆ ಅಹಮದಾಬಾದಿನ ಮನೆಗೆ ಬಂದರೆ ಚೀಲದಿಂದ ಒಗೆಯುವ ಬಟ್ಟೆಗಿಂತ ಮೊದಲು ಲ್ಯಾಪ್‌ಟಾಪ್ ಹೊರಬರುವುದು ವಾಡಿಕೆ. ಕಳೆದ ಸಲ ಅದನ್ನು ಮುಟ್ಟದೆ ಸೋಫಾದ ಮೇಲೆ ಕಾಲು ಮಡಚಿ ಕೂತಳು. ಕೊನೆಯ ವರ್ಷದ ಕೆಲಸಕ್ಕೆಂದು ಅವಳೂ ಅವಳ ಗೆಳತಿಯೂ ಸೇರಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದರು. ಚಿತ್ರ ಗೆಳತಿಯದು, ಕಥೆ ಮತ್ತು ಮಾತು ಇವಳದು. ಮೇಷ್ಟ್ರು ಆಡಿ ನೋಡಿ, ಚಿತ್ರಗಳು ಚೆನ್ನಾಗಿವೆ, ಆದರೆ ಈ ಊರಿನಲ್ಲಿ ಯಾರ ಹತ್ತಿರವೂ ನಿಲ್ಲಬೇಕು ಅನ್ನಿಸುವುದಿಲ್ಲ ಎಂದರಂತೆ. ಮುಂದಿನ ಸಲವೂ ಹೀಗೇ ಇದ್ದರೆ ಆಟ ಬಿಟ್ಟುಬಿಡಿ, ಚಿತ್ರಗಳನ್ನಷ್ಟೇ ಗೋಡೆಗೆ ಹಾಕಿ ಎಂದೂ ಹೇಳಿದ್ದರು. ಹಾಗಾದರೆ ಗೆಳತಿಯ ಕೆಲಸ ಉಳಿಯುತ್ತದೆ, ನನ್ನದು ಹೋಗುತ್ತದೆ ಎಂದು ಮಗಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

ನಾನೂ ಆಡಿ ನೋಡುತ್ತೇನೆ ಎಂದೆ. ಆಟದಲ್ಲಿ ನಾನೊಬ್ಬ ದಾರಿಹೋಕ ಹೆಂಗಸು. ನದಿ ದಾಟುವ ಮೊದಲು ಒಂದು ಊರು, ಇಕ್ಕಟ್ಟಾದ ಓಣಿಗಳು, ಮರದ ಕೆತ್ತನೆಯ ಬಾಗಿಲುಗಳು. ಮೊದಲ ಮನೆಗೆ ನುಗ್ಗಿ ಅಲ್ಲಿದ್ದ ಮಡಕೆ ತೆರೆ ಎಂದಳು ಮಗಳು. ನನ್ನ ಬೆರಳು ಏಳಲಿಲ್ಲ.

“ಯಾರದೋ ಮನೆ, ಕೇಳದೆ ಮಡಕೆ ತೆಗೆಯೋದಾ?”

“ಅಮ್ಮಾ, ಗೇಮಲ್ಲಿ ಎಲ್ಲರೂ ಹಾಗೇ ಮಾಡೋದು. ಯಾರೂ ಏನೂ ಅನ್ನಲ್ಲ.”

“ಅದೇ ಮತ್ತೆ. ಯಾಕೆ ಏನೂ ಅನ್ನಲ್ಲ?”

ಅವಳು ಕಣ್ಣು ಹೊರಳಿಸಿದಳು. ಮುಂದೆ ಬಟ್ಟೆಗೆ ಬಣ್ಣ ಹಾಕುವ ಹೆಂಗಸಿನ ಅಂಗಡಿ. ಅವಳ ಹಿಂದೆ ದಾರದ ಲಡಿಗಳು ಸಾಲಾಗಿ ತೂಗುತ್ತಿದ್ದವು, ಮೂಲೆಯಲ್ಲಿ ಒಬ್ಬ ಗಿರಾಕಿ ಕೈಕಟ್ಟಿ ನಿಂತಿದ್ದ. ಅಷ್ಟು ಮುದ್ದಾದ ಚಿತ್ರದಿಂದ ಬಂದ ಮಾತು ಮಾತ್ರ ಬೋರ್ಡಿಗೆ ಬರೆದ ಹಾಗಿತ್ತು. ನೀಲಿ ಹೂ ತಂದುಕೊಡು, ದೀಪ ಕೊಡುತ್ತೇನೆ. ಬೇರೆ ಆಟಗಳಲ್ಲಿ ಓಡಿದರಾಯಿತು, ಹಾರಿದರಾಯಿತು. ಇಲ್ಲಿ ಇನ್ನೊಬ್ಬಳಾಗಿ ಇರಬೇಕು. ಎದುರಿನವರು ಮನುಷ್ಯರ ಹಾಗೆ ಮಾತಾಡದಿದ್ದರೆ ನಾನು ಯಾರ ಹಾಗೆ ಇರಲಿ? ಅದನ್ನೇ ಹೇಳಿದೆ. ಅವಳದು ಚಿಕ್ಕ ಪಾತ್ರ ಅಮ್ಮ, ನಾಲ್ಕೇ ಮಾತು ಎಂದಳು ಮಗಳು.

ತುಮಕೂರಿನ ಕಾನ್ವೆಂಟಿನಲ್ಲಿ ನನಗೆ ನಾಟಕದಲ್ಲಿ ಸಿಕ್ಕಿದ್ದು ಒಂದೇ ಮಾತು. ಊಟ ತಯಾರಾಗಿದೆ ಎಂದು ಹೇಳಿ ಒಳಗೆ ಹೋಗುವುದು. ತಾಲೀಮಿನಲ್ಲಿ ಸಿಸ್ಟರ್ ತಡೆದು, ಏನು ಅಡುಗೆ ಮಾಡಿದ್ದೀಯ ಎಂದು ಕೇಳಿದ್ದರು. ನುಗ್ಗೆಕಾಯಿ ಹುಳಿ ಎಂದೆ. ಹಾಗಾದರೆ ಕೈ ಒರೆಸಿಕೊಳ್ಳುತ್ತಾ ಬಾ ಎಂದರು. ಇದನ್ನು ಹೇಳಿದರೆ ಮಗಳು ನಕ್ಕಳು, ಆದರೆ ಬಣ್ಣದ ಹೆಂಗಸಿಗೆ ಇನ್ನೇನು ಮಾತು ಕೊಡಬೇಕೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಗುಜರಾತಿ ಹೆಂಗಸು ಬಂದರು. ನನಗೆ ಅವರು ಬೆನ್, ಅಂದರೆ ಅಕ್ಕ; ಮಗಳಿಗೆ ಮಾಸಿ, ಚಿಕ್ಕಮ್ಮ. ನಮ್ಮ ಹೌಸಿಂಗ್ ಸೊಸೈಟಿಯವರ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಾರೆ. ನೀರಿನ ಟ್ಯಾಂಕು, ಬಿಸಿಲು, ನರೋಡಾದ ಕಾರ್ಖಾನೆಯಲ್ಲಿ ಅವರ ಯಜಮಾನರ ಪಾಳಿ ಬದಲಾದದ್ದು, ಎಲ್ಲ ಮಾತಾಯಿತು. ಎದ್ದು ಚಪ್ಪಲಿಗೆ ಕಾಲು ತೂರಿಸುವಾಗ, ನಾಳೆ ಬೆಳಿಗ್ಗೆ ಮನೆಯಲ್ಲೇ ಇರುತ್ತೀರಾ ಎಂದರು. ಎಲ್ಲಿಗೆ ಹೋಗಬೇಕು ಬೆನ್ ಎಂದು ಕೇಳಿದೆ. ಕಣ್ಣಿನ ಡಾಕ್ಟರು, ಹನಿ ಹಾಕಿದರೆ ಸ್ವಲ್ಪ ಹೊತ್ತು ಮಂಜಂತೆ, ಬೇಡ ಬೇಡ, ನಿಮಗ್ಯಾಕೆ ತೊಂದರೆ ಎಂದರು. ಬರುತ್ತೇನೆ ಎಂದೆ.

ಅವರು ಹೋದ ಮೇಲೆ ಮಗಳು, “ಮಾಸಿ ಬಾ ಅಂತ ಕೇಳಲೇ ಇಲ್ಲ, ನೀನೇ ಹೇಳಿದ್ದು,” ಎಂದಳು.

“ಬಂದಾಗಿಂದ ಕೇಳ್ತಾನೇ ಇದ್ರಲ್ಲೇ.”

ಮಗಳು ಲ್ಯಾಪ್‌ಟಾಪ್ ಎಳೆದುಕೊಂಡಳು.

ಮರುದಿನ ಆಸ್ಪತ್ರೆಗೆ ಅವಳೂ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಾಪಸು ಬರುವಾಗ ಆಟೋದಲ್ಲಿ ಬೆನ್ ತಾವಾಗಿಯೇ ಹೇಳಿದರು: ಯಾರದೋ ಕಡುನೀಲಿ ಸೀರೆಗೆ ಕಪ್ಪು ಫಾಲ್ ಹಚ್ಚಿ ಕೊಟ್ಟಿದ್ದರಂತೆ. ಆಕೆ ನಾಲ್ಕು ಜನರೆದುರು ಅಂಚು ತಿರುವಿ ತೋರಿಸಿ ನಕ್ಕಳಂತೆ. ಅಂದಿನಿಂದ ಕಡುಬಣ್ಣದ ಸೀರೆ ಬಂದರೆ ಕೈನೋವು ಎಂದು ಹೇಳಿ ವಾಪಸು ಕಳಿಸುತ್ತಿದ್ದರು.

ಮನೆಗೆ ಬಂದ ಮಗಳು ಬಣ್ಣದ ಹೆಂಗಸಿಗೆ ಅದೇ ಮಸುಕು ಕಣ್ಣು ಕೊಡಲೇ ಎಂದು ಕೇಳಿದಳು. ನನಗೆ ಸರಿಯೆನಿಸಲಿಲ್ಲ, ಅವರ ಸಂಕಟ ಅವರದು, ಅವರನ್ನೇ ಕೇಳು ಎಂದೆ. ಕೇಳಿಕೊಂಡು ಬಂದಳು. ಬರಿ, ಆದರೆ ನನ್ನನ್ನು ತೆಳ್ಳಗೆ ತೋರಿಸು ಎಂದರಂತೆ ಮಾಸಿ.

ರಜೆಯ ಉಳಿದ ದಿನಗಳೆಲ್ಲ ಊಟದ ಮೇಜಿನ ಮೇಲೆ ಆ ಹೆಂಗಸೇ. ಸೊಪ್ಪು ಬಿಡಿಸುತ್ತಾ ನಾನು ಹೇಳುವುದು, ಮಗಳು ಹಿಂದಿಗೆ ತಿರುಗಿಸಿ ಬರೆಯುವುದು. ಈಗ ದಾರಿಹೋಕಳು ಅಂಗಡಿ ಹೊಕ್ಕರೆ ಆಕೆ ಮೊದಲು ಉಂಡೆಯಾ ಎಂದು ಕೇಳುತ್ತಾಳೆ. ಮಡಕೆ ಮುಟ್ಟಿದರೆ, ಏನಿಲ್ಲ ಅದರಲ್ಲಿ, ಮುಚ್ಚಿಡು, ಜಿರಲೆ ಬೀಳುತ್ತೆ ಎನ್ನುತ್ತಾಳೆ. ಇವತ್ತು ಬೆಳಕೇ ಇಲ್ಲ ಎಂದು ಬಿಸಿಲಿನಲ್ಲಿ ಕೂತು ಗೊಣಗುತ್ತಾಳೆ. ಕೊನೆಗೆ ಒಂದು ಲಡಿ ಎತ್ತಿ ಹಿಡಿದು, ಇದು ನೀಲಿ ತಾನೆ, ಎನ್ನುತ್ತಾಳೆ. ಲಡಿ ಕಪ್ಪು. ನೀಲಿ, ಕಪ್ಪು ಎಂದು ಉತ್ತರಗಳು ಎರಡು. ಸುಳ್ಳು ಹೇಳಿದರೆ ಬಟ್ಟೆ ಹಾಳು, ನಿಜ ಹೇಳಿದರೆ ಮಾನ ಹಾಳು, ಇಷ್ಟು ಸಾಕು ಎಂದಳು ಮಗಳು.

ಹೊರಡುವ ಹಿಂದಿನ ಸಂಜೆ ಬೆನ್ ಅವರನ್ನು ಕೂರಿಸಿ ಆಡಿಸಿದಳು. ಅಕ್ಷರ ಕಾಣದೆಂದು ಅವಳೇ ಓದಿ ಹೇಳುತ್ತಿದ್ದಳು. ಮಡಕೆಯ ಮಾತಿಗೆ ಬೆನ್ ನಕ್ಕರು. ಲಡಿಯ ಪ್ರಶ್ನೆ ಬಂದಾಗ ಮಗಳು, ಯಾವುದನ್ನು ಒತ್ತಲಿ ಮಾಸಿ ಎಂದಳು.

ಬೆನ್ ಪರದೆಯ ಹತ್ತಿರ ಬಗ್ಗಿ, “ಮೂಲೇಲಿ ನಿಂತಿರೋದು ಯಾರು?” ಎಂದರು.

“ಗಿರಾಕಿ.”

“ಅವನು ಹೋಗಲಿ ಬೇಟಾ. ಆಮೇಲೆ ಹೇಳೋಣ.”

ಆಟದಲ್ಲಿ ಅವನು ಹೋಗುವುದೇ ಇಲ್ಲ, ಅವನು ಬರೀ ಚಿತ್ರ ಎಂದು ಮಗಳು ವಿವರಿಸಿದಳು. ಬೆನ್ ಒಪ್ಪಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು, ಅವನು ಹೋಗುವವರೆಗೂ ಕಾಯುವವರ ಹಾಗೆ. ಮಗಳು ನನ್ನ ಮುಖ ನೋಡಿದಳು. ನಾನೂ ಆ ಗಿರಾಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವಡೋದರಾಗೆ ಹೋದವಳು ಗೆಳತಿಯನ್ನು ಕಾಡಿಬೇಡಿ ಗಿರಾಕಿ ಹೊರಟುಹೋಗುವ ಚಿತ್ರ ಬರೆಸಿದಳು. ಯಾವ ಗುಂಡಿಯನ್ನೂ ಒತ್ತದೆ ಕಾದರೆ ಮಾತ್ರ ಅವನು ಹೋಗುತ್ತಾನೆ. ಹಾಗೆ ಕಾಯಬಹುದೆಂದು ಆಟ ಎಲ್ಲಿಯೂ ಹೇಳುವುದಿಲ್ಲ.

ಮೇಷ್ಟ್ರು ಮತ್ತೆ ನೋಡಿದ ದಿನ ಮಧ್ಯಾಹ್ನ ಫೋನ್ ಬಂತು. ಕಾರಿಡಾರಿನ ಗದ್ದಲದಲ್ಲಿ ಅವಳ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಆಟ ಉಳಿಯಿತಾ ಎಂದು ಕೇಳಿದೆ.

“ಉಳೀತು ಅಮ್ಮ. ಲಡಿ ತೋರಿಸಿದಾಗ ಸರ್ ಕೀಬೋರ್ಡಿಂದ ಕೈ ತೆಗೆದುಬಿಟ್ರು. ಗಿರಾಕೀನ ನೋಡ್ತಾ ಸುಮ್ನೆ ಕೂತ್ರು.”