ಬ್ಯಾಟರಿ ಬದಲಿಸಿದ ಮುಹೂರ್ತ

ವಿಸಿಆರ್ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವ ಆ ಕಿರ್ರ್ ಸದ್ದು ನೆನೆದರೆ ನನಗೆ ಇಂದಿಗೂ ತಲೆನೋವು. ಗೋರೆಗಾಂವ್‌ನ ಬೀಗಿತ್ತಿ ನನ್ನ ಮಗಳ ಮದುವೆಯ ವಿಡಿಯೊವನ್ನು ಅಷ್ಟು ಸಲ ಸುತ್ತಿಸಿ ನೋಡಿದ್ದರು. ತಾಳಿ ಕಟ್ಟುವಾಗ ಪರದೆಯ ಮೂಲೆಯಲ್ಲಿ ಹನ್ನೆರಡು ಗಂಟೆ ಐದು ನಿಮಿಷ ಎಂದಿತ್ತು. ಬುಧವಾರ ಅದು ರಾಹುಕಾಲ. ಶಾಂತಿ ಮಾಡಿಸಿ ಮತ್ತೆ ತಾಳಿ ಕಟ್ಟಿಸುವವರೆಗೆ ಬರಬೇಡ ಎಂದು ಸೊಸೆಯನ್ನು ತವರಿಗೆ ಕಳಿಸಿಬಿಟ್ಟರು.

“ಒಂಬತ್ತೂವರೆಗೆ ನೀವೇ ಅಕ್ಷತೆ ಹಾಕಿದ್ರಲ್ಲ!” ಎಂದೆ ಬೀಗಿತ್ತಿಗೆ ಫೋನಿನಲ್ಲಿ.

“ನಾನು ವಾಚ್ ಕಟ್ಟಿರಲಿಲ್ಲ. ಟೀವಿ ಯಾಕ್ರೀ ಸುಳ್ಳು ಹೇಳುತ್ತೆ?”

ಮೈ ಗಾಡ್! ಇದಕ್ಕೆ ಏನೆಂದು ಆರ್ಗ್ಯೂ ಮಾಡುವುದು?

ಮಗಳನ್ನೂ ಮದುವೆಯ ವಿಡಿಯೊ ತೆಗೆದವನನ್ನೂ ಆಟೊದಲ್ಲಿ ಕೂರಿಸಿಕೊಂಡು ಬೀಗಿತ್ತಿಯ ಮನೆಗೆ ಹೋದೆ. ಆತ ಧಾರವಾಡ ಕಡೆಯವನು. ಎಷ್ಟು ಬೈದರೂ ಅಂಗಿಯ ಅಂಚಿನಿಂದ ಲೆನ್ಸ್ ಒರೆಸುತ್ತ, “ನಿಲ್ರೀ ಬಾಯಾರ, ತೋರಸ್ತೀನಿ” ಎನ್ನುವುದೊಂದೇ ಉತ್ತರ.

ಅಲ್ಲಿ ಕ್ಯಾಮೆರಾದ ಬ್ಯಾಟರಿ ತೆಗೆದು ಮತ್ತೆ ಹಾಕಿದ. ಅದರೊಳಗಿನ ಗಡಿಯಾರ ಹನ್ನೆರಡು ತೋರಿಸಿತು.

“ಹೊರಗ ಸಂಜಿ ಆಗೇತಿ, ಇದಕ್ಕ ಹನ್ನೆರಡು. ಬ್ಯಾಟರಿ ತಗದ್ರ ಎಲ್ಲಾ ಮರೀತೈತಿ. ತಾಳಿಗೆ ಐದ ನಿಮಿಷ ಮುಂಚೆ ಬ್ಯಾಟರಿ ಬದಲಿ ಮಾಡಿ ಟೈಮ್ ಹಾಕೂದು ಮರ್ತೆ. ತಪ್ಪು ನಂದ್ರೀ, ಹುಡುಗೀದಲ್ಲ.”

“ಇನ್ನೊಂದ್ಸಲ ತೆಗಿ,” ಎಂದರು ಬೀಗಿತ್ತಿ. ತೆಗೆದ. ಮತ್ತೊಮ್ಮೆ ಎಂದರು. ಮತ್ತೆ ತೆಗೆದ. ಮೂರನೆಯ ಹನ್ನೆರಡಕ್ಕೆ ಅವರು ವಿಸಿಆರ್‌ನಿಂದ ಕ್ಯಾಸೆಟ್ ಹೊರತೆಗೆದರು. ಆತ ಅವರ ಅಪ್ಪಣೆಗೆ ಕಾಯದೆ, ಹೊಸಿಲಾಚೆ ನಿಂತಿದ್ದ ಮಗಳ ಸೂಟ್‌ಕೇಸನ್ನು ಎತ್ತಿ ಒಳಗಿಟ್ಟು, ಮೆಟ್ಟಿಲಿಳಿದು ಹೋದ. ನಾನು ಅವನನ್ನು ಕಂಡದ್ದು ಅದೇ ಕೊನೆ.