ಕಾಕುವಿನ ಉಲ್ಟಾ ಕತ್ತರಿ

ಹೋದ ವಾರ ಹುಮನಾಬಾದಿನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೂತು ಅರ್ಧ ದಿನ ಕಳೆದೆ. ಬೇಕಾಗಿದ್ದದ್ದು ಒಂದೇ ವಸ್ತು, ಬಟ್ಟೆ ಕತ್ತರಿಸುವ ರೋಟರಿ ಕಟರ್. ನೀವು ನೋಡಿರದಿದ್ದರೆ ಹೇಳುತ್ತೇನೆ: ಹಿಡಿಕೆಯ ತುದಿಗೆ ಸಣ್ಣ ಗಾಲಿಯಂಥ ದುಂಡು ಬ್ಲೇಡು. ಬಟ್ಟೆಯ ಮೇಲೆ ಉರುಳಿಸಿದರೆ ಸಾಕು, ಕತ್ತರಿಯ ಹಾಗೆ ಬೆರಳು ಅಗಲಿಸಿ ಕೂಡಿಸುವ ಕಷ್ಟವಿಲ್ಲ. ನನ್ನ ಹೆಬ್ಬೆರಳಿನ ಸಂದು ಈಗೀಗ ಕತ್ತರಿಗೆ ಒಪ್ಪುತ್ತಿಲ್ಲ, ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಚಟವೋ ನನ್ನನ್ನು ಬಿಡುತ್ತಿಲ್ಲ. ಒಂದರ ಹಿಡಿಕೆ ತೀರಾ ಸಣ್ಣದು, ಇನ್ನೊಂದು ಅಂಗೈಯಲ್ಲಿ ಜಾರುತ್ತದೆ, ಮತ್ತೊಂದನ್ನು ಹಿಡಿದರೆ ಮಣಿಕಟ್ಟು ಸೊಟ್ಟಗಾಗುತ್ತದೆ. ಆರನೆಯದನ್ನು ಮುಂದಿಡುವಾಗ ಅಂಗಡಿಯವನು ಕೇಳಿದ: "ಯಾವ ಕೈಗೆ ಬೇಕ್ರಿ ಅಮ್ಮಾ?"

ಕೈಯಲ್ಲಿದ್ದ ಐದನೆಯದನ್ನು ಕೆಳಗಿಟ್ಟೆ. ಈ ಪ್ರಶ್ನೆಯನ್ನು ನಮ್ಮ ಕಾಕುವಿಗೆ ಅವಳ ಜೀವಮಾನದಲ್ಲಿ ಒಬ್ಬನೇ ಒಬ್ಬ ಕೇಳಿದ್ದ.

ಕಾಕು ಎಂದರೆ ನನ್ನ ಗಂಡನ ಚಿಕ್ಕಪ್ಪನ ಹೆಂಡತಿ. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ ನಿಜ, ಎದುರಿಗೆ ಮಾತ್ರ 'ರಿ' ಬಿಟ್ಟು ಒಂದು ಮಾತೂ ಆಡಿದವಳಲ್ಲ. ಅರವತ್ತರ ದಶಕದ ಕೊನೆಯಲ್ಲಿ ನಾನು ಬೇಮಳಖೇಡದಿಂದ ಹುಮನಾಬಾದಿಗೆ ಮದುವೆಯಾಗಿ ಬಂದಾಗ ಮನೆಯಲ್ಲಿ ಅತ್ತೆಯ ಜಾಗದಲ್ಲಿದ್ದವಳು ಅವಳೇ. ಹೆಣ್ಣು ನೋಡುವ ದಿನ ನಮ್ಮವ್ವ, "ಹುಡುಗಿಗಿ ಹೊಲಿಗಿ ಬರ್ತದರಿ" ಎಂದು ಧೈರ್ಯವಾಗಿ ಹೇಳಿಬಿಟ್ಟಿದ್ದಳು. ನನಗೆ ಬರುತ್ತಿದ್ದದ್ದು ಗುಂಡಿ ಹಚ್ಚುವುದು. ಅದೂ ಸ್ವಲ್ಪ ವಾರೆ.

ಕಾಕುವಿನ ಹೊಲಿಗೆ ಹಾಗಲ್ಲ. ಊರ ಪಕ್ಕದ ಮಾಣಿಕನಗರದ ಮನೆಗಳಲ್ಲಿ ಮದುವೆ ಗೊತ್ತಾದರೆ ಮದುಮಗಳ ಕುಪ್ಪಸದ ಖಣ ಮೊದಲು ನಮ್ಮ ಮನೆಗೇ ಬರುತ್ತಿತ್ತು. ಹೊಲಿಯುವುದನ್ನು ಅವಳು ಪಡಸಾಲೆಯಲ್ಲಿ, ಹತ್ತು ಜನರ ನಡುವೆ, ಹರಟೆ ಹೊಡೆಯುತ್ತಾ ಮಾಡುತ್ತಿದ್ದಳು. ಕತ್ತರಿಸುವಾಗ ಮಾತ್ರ ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವಳು. ದೊಡ್ಡ ಕಸುಬುದಾರರಿಗೆ ಇಂಥ ಗತ್ತುಗಳಿರುತ್ತವೆ ಎಂದು ನಾನು ತಿಳಿದಿದ್ದೆ.

ಬಂದು ಎರಡು ತಿಂಗಳಾಗಿರಬೇಕು. ಒಂದು ಮುಂಜಾನೆ ಕಾಕು ಹೊಲಿದ ಬಟ್ಟೆ ಕೊಡಲು ಮಾಣಿಕನಗರಕ್ಕೆ ಹೋಗಿದ್ದಳು. ನಾನು ಕಸ ಹೊಡೆಯುತ್ತಾ ಒಳಕೋಣೆಗೆ ಹೋದೆ. ಗೂಟಕ್ಕೆ ಅವಳ ಕತ್ತರಿ ತೂಗುತ್ತಿತ್ತು. ಕರಿ ಕಬ್ಬಿಣದ್ದು, ಬೆರಳು ತೂರಿಸುವ ಬಳೆಗಳಿಗೆ ಹಳೆ ಸೀರೆಯ ಅಂಚು ಸುತ್ತಿತ್ತು. ಒಂದು ಚಿಂದಿ ತೆಗೆದು ಕತ್ತರಿಸಿ ನೋಡಿದೆ. ಕತ್ತರಿಸಲಿಲ್ಲ, ಅಲಗುಗಳ ನಡುವೆ ಬಟ್ಟೆ ಮಡಚಿಕೊಂಡು ಕೂತಿತು. ಅಯ್ಯೋ ಪಾಪ, ಇಂಥ ಮೊಂಡು ಕತ್ತರಿಯಲ್ಲಿ ಇಷ್ಟು ದಿನ ದುಡಿದಳೇ ಎಂದು ನನ್ನ ಕರುಳು ಚುರ್ ಎಂದಿತು. ಹೊಸ ಸೊಸೆಯ ಕರುಳು, ಬೇಗ ಚುರ್ ಎನ್ನುತ್ತದೆ. ಅಷ್ಟರಲ್ಲೇ ಓಣಿಯಲ್ಲಿ ಸಾಣೆ ಹಿಡಿಯುವವನ ಕೂಗು ಕೇಳಿಸಬೇಕೆ!

ಅವನು ಕತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ. "ಯಾವ ಹುಚ್ಚ ಮಾಡ್ಯಾನ್ರಿ ಇದನ್ನ? ಧಾರ ಎಲ್ಲಾ ಉಲ್ಟಾ ಅದ. ಸೀದಾ ಮಾಡಿ ಕೊಡ್ಲೇನ್ರಿ?"

"ಪೂರಾ ಸೀದಾ ಮಾಡ್ರಿ" ಎಂದೆ. ಕಿಡಿ ಹಾರುವುದನ್ನು ಖುಷಿಯಿಂದ ನೋಡುತ್ತಾ ನಿಂತೆ.

ಕಾಕು ಬಂದಳು, ಕೋಣೆಗೆ ಹೋದಳು, ಬಾಗಿಲು ಮುಚ್ಚಿತು. ನಾನು ಹೊರಗೆ ಶಹಬ್ಬಾಸ್‌ಗಿರಿಗಾಗಿ ಕಾದೆ. ತುಸು ಹೊತ್ತಿಗೆ ಬಾಗಿಲು ತೆರೆಯಿತು. ಕೆಲಸದ ನಡುವೆ ಅದು ಎಂದೂ ತೆರೆದದ್ದಿಲ್ಲ. "ಏ ತಂಗಿ, ಬಾ ಇಲ್ಲಿ" ಎಂದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಮದುಮಗಳ ಗುಲಾಬಿ ಖಣ ನೆಲದ ಮೇಲಿತ್ತು, ಕತ್ತರಿ ಕಾಕುವಿನ ಎಡಗೈಯಲ್ಲಿತ್ತು.

"ಇದಕ್ಕ ಏನ್ ಮಾಡ್ದಿ?"

"ಸಾಣಿ ಹಿಡಿಸೀನ್ರಿ ಕಾಕು. ಮೊಂಡಾಗಿತ್ತಲ್ರಿ."

"ಮೊಂಡಾಗಿದ್ದಿಲ್ಲವ್ವ. ಅದು ಎಡಗೈದು. ನಿನ್ನ ಕೈಯಾಗ ಹ್ಯಾಂಗ ಕತ್ತರಸ್ತದ?"

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಣ್ಣುವುದು, ಬಡಿಸುವುದು, ಸೂಜಿ ಹಿಡಿಯುವುದು ಎಲ್ಲವನ್ನೂ ಅವಳು ಬಲಗೈಗೆ ಕಲಿಸಿದ್ದಳು. ಸಣ್ಣವಳಿದ್ದಾಗ ಉಣ್ಣಲು ಕೂತರೆ ಅವಳಪ್ಪ ಎಡಗೈಯನ್ನು ಬೆನ್ನಿಗೆ ಕಟ್ಟುತ್ತಿದ್ದನಂತೆ. ಕತ್ತರಿಯೊಂದೇ ಬಲಗೈಗೆ ಒಗ್ಗಲಿಲ್ಲ. "ಮದಿಮಗಳ ಕುಪ್ಪಸ ಎಡಗೈಲೆ ಕತ್ತರಸ್ತಾಳಂತ ಗೊತ್ತಾದ್ರ ಯಾರು ಖಣ ಕೊಡ್ತಾರ, ನೀನ ಹೇಳು" ಎಂದಳು. ನನ್ನ ಬಾಯಿಂದ ಒಂದು 'ತಪ್ಪಾಯ್ತು' ಕೂಡ ಹೊರಡಲಿಲ್ಲ. ಹೆದರಿಕೆಯಾಗಿತ್ತು.

ಮರುದಿನ ಇಬ್ಬರೂ ಬಸವಕಲ್ಯಾಣದ ಬಸ್ಸು ಹತ್ತಿದೆವು. ಆ ಕತ್ತರಿ ಹುಟ್ಟಿದ್ದು ಅಲ್ಲಿ. ಬಹಳ ವರ್ಷಗಳ ಹಿಂದೆ ಪ್ಯಾಟಿಯ ಅಂಗಡಿಗಳಲ್ಲಿ ಒಂದೊಂದೇ ಕತ್ತರಿ ಹಿಡಿದು, ಯಾವುದೂ ಹೊಂದದೆ, ಕೊನೆಗೆ ಕಾಕು ಒಬ್ಬ ಮುದುಕ ಕಮ್ಮಾರನ ಕುಲುಮೆಯ ಮುಂದೆ ನಿಂತಿದ್ದಳಂತೆ. ಕತ್ತರಿ ಒತ್ತಿ ಅವಳ ಹೆಬ್ಬೆರಳಿಗೆ ಕಟ್ಟಿದ್ದ ಗಂಟು ನೋಡಿ ಮುದುಕ, "ಯಾವ ಕೈಲೆ ಕತ್ತರಸ್ತೀ ತಾಯಿ?" ಎಂದ. ಕಾಕು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮುಚ್ಚಿಟ್ಟಿ ನೋಡು, ಆ ಕೈನೇ ಕೊಡು" ಎಂದು ಹಸಿ ಮಣ್ಣಿನ ಉಂಡೆ ಹಿಡಿಸಿ ಬೆರಳಿನ ಅಚ್ಚು ತೆಗೆದುಕೊಂಡನಂತೆ. ಇದನ್ನು ಹೇಳುವಾಗ ಕಾಕು ಬಸ್ಸಿನಲ್ಲಿ ಹುಡುಗಿಯ ಹಾಗೆ ನಗುತ್ತಿದ್ದಳು.

ಕುಲುಮೆಯ ಜಾಗದಲ್ಲಿ ಸೈಕಲ್ ಅಂಗಡಿಯಿತ್ತು. ಮುದುಕ ತೀರಿಹೋಗಿ ಎರಡು ವರ್ಷವಾಯಿತೆಂದರು. ಮಗ ಬೇರೆಲ್ಲೋ ದುಡಿಯಲು ಹೋಗಿದ್ದ. ಎಡಗೈಯ ಕತ್ತರಿ ಮಾಡುವವರು ಬೇರೆ ಯಾರೂ ಸಿಗಲಿಲ್ಲ.

ತಿರುಗಿ ಬರುವಾಗ ಕಾಕು ಕಿಟಕಿಯಾಚೆ ನೋಡುತ್ತಾ ಕೂತಳು. ಹುಮನಾಬಾದು ಹತ್ತಿರ ಬಂದಾಗ, "ಗೆರಿ ನಾ ಹಾಕ್ತೀನಿ, ಕತ್ತರಿ ನೀ ಹಿಡಿ" ಎಂದಳು.

ಹಾಗೆಯೇ ನಡೆಯಿತು, ಹದಿನೈದು ವರ್ಷ. ಆ ಕೋಣೆಯ ಬಾಗಿಲು ಮತ್ತೆ ಮುಚ್ಚಲಿಲ್ಲ, ಮುಚ್ಚುವ ಕಾರಣವೇ ಉಳಿದಿರಲಿಲ್ಲ. ನಾನು ಒಳ್ಳೆಯ ಕೈಯವಳೆಂದು ಹೆಸರಾದೆ. "ಸೊಸಿಗಿ ಕಾಕುನ ಕೈ ಬಂದದ ನೋಡ್ರಿ" ಎಂದು ಬಂದವರು ಹೊಗಳಿದರೆ ಕಾಕುವೂ ಹೌದೆಂದು ತಲೆಯಾಡಿಸುವಳು. ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎಂಬತ್ತರ ದಶಕದಲ್ಲಿ, ಅವಳು ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ತನ್ನ ಎಡಗೈಯನ್ನೇ ನೋಡಿಕೊಳ್ಳುತ್ತಾ ಹೇಳಿದಳು: "ಆ ಕ್ವಾಣಿಯಾಗ ಬಾಗಿಲ ಹಾಕ್ಕೊಂಡಾಗಷ್ಟ ಈ ಕೈ ನಂದಾಗಿತ್ತು." ಅದು ದೂರೂ ಆಗಿರಲಿಲ್ಲ, ಸುಮ್ಮನೆ ನೆನಪು ಮಾಡಿಕೊಂಡಿದ್ದಳು. ಆಗಲೂ ನಾನು 'ತಪ್ಪಾಯ್ತು' ಎನ್ನಲಿಲ್ಲ.

ಅಂಗಡಿಯವನು ಮತ್ತೆ ಕೇಳಿದ. "ಎಡಗೈಗೆ" ಎಂದೆ. ಅವನು ಒಂದು ಸ್ಕ್ರೂ ಸಡಿಲಿಸಿ, ಬ್ಲೇಡನ್ನು ಈ ಬದಿಯಿಂದ ಆ ಬದಿಗೆ ಹಾಕಿ, ಬಿಗಿದುಕೊಟ್ಟ.

"ಇಷ್ಟೇನಪಾ?"

"ಇಷ್ಟರಿ ಅಮ್ಮಾ."

ಮನೆಗೆ ಬಂದು ಕಾಕುವಿನ ಹಳೆಯ ಸೀರೆ ಹಾಸಿದೆ, ಕೌದಿಗೆಂದು ಇಟ್ಟಿದ್ದು. ಕಟರನ್ನು ಎಡಗೈಯಲ್ಲಿ ಹಿಡಿದು ಉರುಳಿಸಿದೆ. ಕೈ ಮಾತು ಕೇಳಲಿಲ್ಲ. ಗೆರೆ ಬಿಟ್ಟು ಎತ್ತಲೋ ಹೋಯಿತು, ಮೂರು ಗೇಣಿನಷ್ಟು ಕತ್ತರಿಸುವುದರೊಳಗೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ನನಗೆ ಇದು ಅರ್ಧ ಗಳಿಗೆಯ ಆಟ. ಅವಳು ಜೀವನವಿಡೀ ಹೀಗೆಯೇ, ತನ್ನದಲ್ಲದ ಕೈಯಲ್ಲಿ, ನಮಗೆಲ್ಲ ಒಂದಗುಳೂ ಚೆಲ್ಲದ ಹಾಗೆ ಬಡಿಸಿದ್ದಳು.

ಆ ಅಂಕುಡೊಂಕು ತುಂಡನ್ನು ಸರಿ ಮಾಡಲಿಲ್ಲ. ಕೌದಿಯ ನಟ್ಟನಡುವೆ ಇಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಜೋರಾಗಿಯೇ ಹೇಳಿದೆ: "ತಪ್ಪಾಯ್ತ್ರಿ ಕಾಕು."