ಕಾಗದದಲ್ಲೊಂದು ತೂತು

ದರ್ಜಿ ಅಂಗಡಿಯಲ್ಲಿ ಅಂಗಿಗಳ ಗುಂಡಿತೂತಿಗೆ ಅಂಚು ಹೊಲಿಯುವ ಅವಳನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತಿದ್ದರು. ಸೈನಿಕನಾಗಿದ್ದ ಗಂಡ ಗಡಿಯಲ್ಲಿ ಸತ್ತಾಗ ಅವಳು ಐದು ತಿಂಗಳ ಬಸುರಿ.

ಹೆರಿಗೆಯಾದ ಮೇಲೆ ಮಗಳ ಪಿಂಚಣಿಗೆ ಅರ್ಜಿ ಹಾಕಿದರೆ ಸೇನೆಯ ದಾಖಲೆಯಲ್ಲಿ "ಮಕ್ಕಳು: ಇಲ್ಲ" ಎಂದಿತ್ತು. ಹುಟ್ಟದ ಮಗುವನ್ನು ಯಾವ ಪುಣ್ಯಾತ್ಮ ಬರೆಸುತ್ತಾನೆ? ಬಸಿರಿನ ಸುದ್ದಿ ತಿಳಿದು ಅವನು ಬರೆದಿದ್ದ ಒಂದೇ ಒಂದು ಕಾಗದವನ್ನು ಪುರಾವೆಗೆ ಒಯ್ದಳು.

"ಜೆರಾಕ್ಸ್ ನಡೆಯಲ್ಲಮ್ಮ, ಒರಿಜಿನಲ್ಲೇ ಬೇಕು," ಎಂದ ಗುಮಾಸ್ತ.

ಪಿಂಚಣಿ ಬಂತು, ಕಾಗದ ಬರಲಿಲ್ಲ. ಏಳು ವರ್ಷ ಅಲೆಸಿ, ಕೊನೆಗೆ ಫೈಲು ಬಿಚ್ಚಿ ಕೊಟ್ಟರು. ಮಗಳು ಅಲ್ಲೇ ನಿಂತು ಅಕ್ಷರ ಕೂಡಿಸಿ ಓದಿದಳು: "ಹೆಣ್ಣಾದ್ರೆ ನಾನವಳನ್ನ..."

ಮುಂದಿನ ಪದವಿರಲಿಲ್ಲ. ಫೈಲಿನ ದಾರಕ್ಕೆ ಹೊಡೆದ ತೂತು ಸರಿಯಾಗಿ ಅದರ ಮೇಲೇ ಬಿದ್ದಿತ್ತು.

"...ಅಂತ ಕರೀತೀನಿ. ನೀನು ಹಾಗೆ ಕರೀಬೇಡ, ಆ ಹೆಸರು ನನಗೇ ಇರಲಿ."

"ಅಮ್ಮಾ, ಇಲ್ಲೇನಿತ್ತು?"

ಸಾವಿರಾರು ತೂತುಗಳಿಗೆ ಅಂಚು ಕಟ್ಟಿದ ಬೆರಳು ಆ ತೂತಿನ ಸುತ್ತ ಸುಮ್ಮನೆ ಆಡಿತು. ಗಂಡನ ಮಾತಿಗೆ ಕಟ್ಟುಬಿದ್ದು ಏಳು ವರ್ಷ ನುಂಗಿಕೊಂಡಿದ್ದ ಹೆಸರನ್ನು ಅವಳು ಮಗಳ ಕಿವಿಯಲ್ಲಿ ಹೇಳಿದಳು.

ಮಗಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಂದ್ಸಲ ಹಾಗೇ ಕರಿ, ಅಮ್ಮಾ. ಅಪ್ಪನ ಥರ."